ಸತ್ತ ಮೇಲಿನ ನಾಲ್ಕನೆಯ ಸಾಲು

ಜುಲೈ 4

ಗುಬ್ಬಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಡ್ಯೂಟಿಯಲ್ಲಿದ್ದೀನಿ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

ಬರುವ ಅಕ್ಟೋಬರ್ ಹನ್ನೆರಡಕ್ಕೆ ನಾನು ಒಪೆರಾ ರಂಗಮಂದಿರದಲ್ಲಿ ಮೊದಲ ಸಲ ಹಾಡಿ ಐವತ್ತು ವರ್ಷ ತುಂಬುತ್ತದೆ. ರಂಗಮಂದಿರದವರು ಒಂದು ಹೂಗುಚ್ಛ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ, ಗೊತ್ತಿದ್ದದ್ದೇ. ಆದ್ದರಿಂದ ಮನೆಯಲ್ಲೇ ಕೂಟ ಇಟ್ಟುಕೊಂಡಿದ್ದೇನೆ. ಕೇಕ್ ತಿಂದು, ಮಂಡಿನೋವಿನ ಮಾತಾಡಿ ಎದ್ದುಹೋಗುವ ಕೂಟವಲ್ಲ. ಮುಖವಾಡದ ನೃತ್ಯಕೂಟ. ಎಲ್ಲರೂ ಒಂದೊಂದು ಒಪೆರಾದ ಪಾತ್ರವಾಗಿ ಬರಬೇಕು. ಬಟ್ಟೆ ಕಪ್ಪು ಇಲ್ಲವೇ ಕಡುಗೆಂಪು. ಮುಖವಾಡವಿಲ್ಲದೆ ಬಂದವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸುತ್ತೇನೆ. ಹಜಾರ ಪೂರ್ತಿ ಗಾಥಿಕ್ ಆಗಬೇಕು: ಚೂಪು ಕಮಾನು, ಕಪ್ಪು ಪರದೆ, ಜೇಡರ ಬಲೆ, ಹಳೇ ಕೋಟೆಯ ನೆಲಮಾಳಿಗೆಗೆ ಇಳಿದ ಹಾಗಿರಬೇಕು. ನಾನು ಕೊನೆಯದಾಗಿ ಹಾಡಿದ "ಗೋಪುರದ ರಾಣಿ"ಯ ಕೊನೆಯ ದೃಶ್ಯ ನೆನಪಿದೆಯಲ್ಲ, ಅದೇ.

ಇಪ್ಪತ್ತೆರಡು ಜನರನ್ನು ಕರೆದಿದ್ದೇನೆ. ಹೊತ್ತು ಮಧ್ಯಾಹ್ನ ನಾಲ್ಕು ಗಂಟೆ. ಗಾಥಿಕ್ ಕೂಟ ಮಧ್ಯಾಹ್ನ ಯಾರಾದರೂ ಮಾಡುತ್ತಾರಾ ಅಂತ ನಗಬೇಡ. ಎಂಟು ಹೊಡೆದರೆ ಇವರಲ್ಲಿ ಅರ್ಧ ಜನ ಕೂತಲ್ಲೇ ಗೊರಕೆ ಹೊಡೆಯುತ್ತಾರೆ. ಕಿಟಕಿಗೆಲ್ಲ ಎರಡೆರಡು ಪದರ ಕಪ್ಪು ಬಟ್ಟೆ ಹಾಕಿಸಿದರೆ ಕತ್ತಲೆಗೇನು ಬರ? ನನ್ನ ಉಡುಪು ನೋಡಿಕೊಳ್ಳುತ್ತಿದ್ದ ದರ್ಜಿಯಕ್ಕ ಈಗಾಗಲೇ ಹೊಲಿಯಲು ಕೂತಿದ್ದಾಳೆ.

ಹಜಾರದ ನಡುವೆ ಶವಪೆಟ್ಟಿಗೆ. ಅದರಲ್ಲಿ ನಾನು.

ನಿನ್ನ ಜಾಗ ಪುಸ್ತಕದ ಕಪಾಟಿನ ಪಕ್ಕ, ಪರದೆಯ ಹಿಂದೆ. ಕೊನೆಯ ಹಾಡು ಒಂದೇ. ನಾನು ಮುಖಕ್ಕೆ ಕಪ್ಪು ಬಲೆ ಹೊದ್ದು ಮಲಗಿರುತ್ತೇನೆ, ತುಟಿ ಯಾರಿಗೂ ಕಾಣುವುದಿಲ್ಲ. ಹಿಂದೆ ಮಾಡುತ್ತಿದ್ದೆವಲ್ಲ, ಹಾಗೇ. ನಿನಗೆ ಹೊಸದಾಗಿ ಹೇಳಿಕೊಡುವುದೇನಿದೆ? ಮೂರು ದಿನ ಮೊದಲೇ ಬಾ. ಬರುವ ಮುಂಚೆ ಎರಡು ವಾರ ತಣ್ಣಗಿನದ್ದು ಏನೂ ಕುಡಿಯಬೇಡ.

ಅಮ್ಮ

ಜುಲೈ 19

ಅಮ್ಮಾ,

ನಿನ್ನ ಕಾಗದವನ್ನು ಎರಡು ಗಾಡಿಗಳ ನಡುವೆ ಓದಿದೆ. ಮೈಯೆಲ್ಲ ಉರಿದುಹೋಯಿತು. ಮೈಕ್ ಹಾಕಿ "ಪ್ರಯಾಣಿಕರ ಗಮನಕ್ಕೆ" ಅಂದವಳಿಗೆ ಮುಂದೆ ಯಾವ ಗಾಡಿ ಅನ್ನುವುದೇ ಹೊಳೆಯಲಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೋಣೆಯಲ್ಲಿ ಕೂತಿದ್ದೇನೆ, ಹೀಗೆ ಒಂದು ದಿನವೂ ಆಗಿರಲಿಲ್ಲ.

ಮೊದಲನೆಯ ಮಾತು, ನನ್ನನ್ನು ಗುಬ್ಬಿ ಅಂತ ಕರೆಯಬೇಡ. ನನಗೆ ನಲವತ್ತೈದು.

"ಹಿಂದೆ ಮಾಡುತ್ತಿದ್ದೆವಲ್ಲ, ಹಾಗೇ" ಅಂತ ಎಷ್ಟು ಸಲೀಸಾಗಿ ಬರೆದಿದ್ದೀಯ! ಏನು ಮಾಡುತ್ತಿದ್ದೆವು ಅಂತ ನಮ್ಮ ಮನೆಯಲ್ಲಿ ಯಾರೂ ಒಂದು ಸಲವೂ ಬಾಯಿಬಿಟ್ಟು ಹೇಳಿದವರಲ್ಲ. ನಾನು ಹೇಳುತ್ತೇನೆ, ಕೇಳು. ಐವತ್ತು ತುಂಬಿದ ವರ್ಷ ನಿನ್ನ ಮೇಲಿನ ಸ್ವರಗಳು ಕೈಕೊಟ್ಟವು. ನನಗಾಗ ಇಪ್ಪತ್ತಮೂರು. ಗೋಪುರದ ಗೋಡೆ ಅಂತ ಬಣ್ಣ ಬಳಿದ ಪ್ಲೈವುಡ್ಡಿನ ಹಿಂದೆ ನನ್ನನ್ನು ನಿಲ್ಲಿಸಿದೆ. ರಂಗದ ಬಡಗಿಯಾಗಿದ್ದ ಅಪ್ಪ ನನ್ನ ಕಣ್ಣಿನ ಎತ್ತರಕ್ಕೆ ಆ ಗೋಡೆಯಲ್ಲಿ ಒಂದು ಸೀಳು ಕೊರೆದರು. ಆ ಸೀಳಿನಿಂದ ನನಗೆ ಕಾಣುತ್ತಿದ್ದದ್ದು ನಿನ್ನ ಬೆನ್ನು ಮಾತ್ರ. ನಿನ್ನ ಭುಜ ಮೇಲೆ ಹೋದರೆ ನಾನು ಉಸಿರು ಎಳೆದುಕೊಳ್ಳಬೇಕು, ಕೆಳಗೆ ಬಂದರೆ ಹಾಡಬೇಕು. ಕೆಳಗಿನ ಸ್ವರ ನಿನ್ನದು, ಮೇಲಿನದು ನನ್ನದು, ಚಪ್ಪಾಳೆ ಪೂರ್ತಿ ನಿನ್ನದು. ಎರಡು ವರ್ಷ, ನಲವತ್ತೊಂದು ಪ್ರದರ್ಶನ.

ಆಮೇಲೆ ಆ ದಿನ. ಕೊನೆಯ ಹಾಡಿಗೆ ನಾಲ್ಕು ಸಾಲು, ನಾಲ್ಕನೆಯದು ಮುಗಿದ ಮೇಲೆ ರಾಣಿಗೆ ಇರಿತ. ನೀನು ಮೂರಕ್ಕೇ ಲೆಕ್ಕ ತಪ್ಪಿ, ಗೋಡೆಯ ಕಡೆ ಮುಖ ಮಾಡಿ ದೊಪ್ಪೆಂದು ಬಿದ್ದೆ. ನನಗೆ ಸೀಳಿನಲ್ಲಿ ಬೆನ್ನು ಮಾಯವಾದದ್ದಷ್ಟೇ ಕಂಡಿತು. ಬಗ್ಗಿರಬೇಕು ಅಂದುಕೊಂಡು ನಾಲ್ಕನೆಯ ಸಾಲನ್ನು ಗಂಟಲು ತುಂಬ ಹಾಡಿಬಿಟ್ಟೆ. ಸತ್ತ ರಾಣಿ ಹಾಡಿದಳು! ಜನ ಉಸಿರು ಬಿಗಿಹಿಡಿದು ಕೂತರು, ಆಮೇಲೆ ಎದ್ದು ನಿಂತು ಹುಚ್ಚು ಹಿಡಿದವರ ಹಾಗೆ ಚಪ್ಪಾಳೆ ತಟ್ಟಿದರು. ಪೇಪರಿನಲ್ಲಿ "ಸಾವನ್ನೂ ಮೀರಿದ ಕಂಠ" ಅಂತ ಬಂತು. ವಾದ್ಯಗಾರರನ್ನು ನಡೆಸುತ್ತಿದ್ದ ಕೋಲಿನ ಮೇಷ್ಟ್ರು "ಇನ್ನು ಮುಂದೆ ಹೀಗೇ ಇರಲಿ" ಅಂದರು. ನಾನು ಮಾಡಿದ ತಪ್ಪು ನಿನಗೆ ಹೆಸರು ತಂದಿತು.

ಆ ಋತು ಮುಗಿದು ನೀನು ನಿವೃತ್ತಿಯಾದ ಮೇಲೆ ನಾನು ಅದೇ ರಂಗಮಂದಿರದ ಆಯ್ಕೆಗೆ ಹೋದೆ. ನಿನ್ನ ಗುಟ್ಟು ಬಯಲಾಗಬಾರದು ಅಂತ ಮೇಲಿನ ಸ್ವರಗಳ ಹಾಡನ್ನು ಬಿಟ್ಟು ಬೇರೆ ಯಾವುದೋ ತಗ್ಗಿನ ಹಾಡು ಹಾಡಿದೆ. ನನ್ನ ಧ್ವನಿಯನ್ನು ನಾನೇ ಬಚ್ಚಿಟ್ಟುಕೊಂಡು ಆಯ್ಕೆಗೆ ಹೋದ ಪೆದ್ದಿ ನಾನೊಬ್ಬಳೇ ಇರಬೇಕು. "ಇನ್ನೊಂದು ವರ್ಷ ಬಿಟ್ಟು ನೋಡೋಣ" ಅಂದರು. ಮುಂದಿನ ವರ್ಷವೂ ಅದೇ ಮಾತು. ನೀನೇ ಅವರ ಕಿವಿ ಊದಿರಬೇಕು ಅಂತ ನಾನು ಅವತ್ತಿನಿಂದ ಅಂದುಕೊಂಡಿದ್ದೇನೆ. ಇವತ್ತು ಬರೆದೂ ಬಿಟ್ಟೆ.

ಈಗ ನಿನ್ನ ಶವಪೆಟ್ಟಿಗೆಗೆ ಗಂಟಲು ಬೇಕಾಗಿದೆ. ಬಾಡಿಗೆಗೆ ತಂದುಕೋ. ನಾನು ಬರುವುದಿಲ್ಲ.

ನಿನ್ನ ಮಗಳು

ಆಗಸ್ಟ್ 2

ಮಗಳೇ,

ಸಂತೋಷ. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಎರಡು ಹಾಳೆಯಲ್ಲಿ ಕಕ್ಕಿದ್ದೀಯ. ನಿನಗೆ ಹಗುರವಾಗಿರಬೇಕು.

ನಿನಗೆ ಉಸಿರು ಹಿಡಿಯುವುದನ್ನು ಯಾರು ಕಲಿಸಿದ್ದು? ಅಡುಗೆಮನೆಯ ಮೇಜಿನ ಮೇಲೆ ನಿನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ನಿಘಂಟು ಇಟ್ಟು, "ಮೇಲೆತ್ತು, ಇಳಿಸು" ಅಂತ ವರ್ಷಗಟ್ಟಲೆ ಪಕ್ಕದಲ್ಲಿ ನಿಂತವರು ಯಾರು? ಆ ಗಂಟಲು ಆಕಾಶದಿಂದ ಉದುರಿದ್ದಲ್ಲ. ನನಗೆ ಬೇಕಾದಾಗ ಎರಡು ವರ್ಷ ಕೇಳಿದೆ. ತಾಯಿ ಕೇಳಬಾರದ್ದನ್ನೇನೂ ಕೇಳಲಿಲ್ಲ.

ಆಯ್ಕೆಯ ವಿಷಯ. ನಾನು ಆಯ್ಕೆ ಮಾಡುವವರ ಕೋಣೆಯ ಹತ್ತಿರವೂ ಸುಳಿದವಳಲ್ಲ. ನೀನು ಬೆವರಿ, ತಗ್ಗಿನ ಹಾಡು ಹಾಡಿ ಕೆಡಿಸಿಕೊಂಡದ್ದಕ್ಕೆ ನನ್ನ ಕೊರಳಿಗೆ ಗಂಟೆ ಕಟ್ಟಬೇಡ.

ಇನ್ನು ಕೂಟ. ನೀನು ಬಂದರೂ ನಡೆಯುತ್ತದೆ, ಬಾರದಿದ್ದರೂ ನಡೆಯುತ್ತದೆ. ರಂಗಮಂದಿರದ ಗೋದಾಮಿನಿಂದ ಹಳೇ ಶವಪೆಟ್ಟಿಗೆ ಬಂದಿದೆ, ತಳಕ್ಕೆ ಉಸಿರಾಡಲು ತೂತು ಕೊರೆದದ್ದು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಮೇಲಿನ ಮನೆಯ ಹೆಂಗಸು ಮಾರುಕಟ್ಟೆಗೆ ಹೊರಟವಳು ಅದನ್ನು ನೋಡಿ ಚೀಲ ಕೆಳಗಿಟ್ಟು ಅಳುವುದಕ್ಕೆ ಶುರುಮಾಡಿದಳು. ನಾನು ಹಿಂದಿನಿಂದ ಹೋಗಿ "ಯಾಕಮ್ಮಾ ಅಳ್ತೀಯಾ" ಅಂದೆ. ಅವಳು ಚೀರಿದ್ದು ಬೀದಿಗೆ ಕೇಳಿತಂತೆ. ಕೊನೆಗೆ ದರ್ಜಿಯಕ್ಕ ಕೈಹಿಡಿಕೆಗಳನ್ನು ಬಿಚ್ಚಿ ಒಳಗೆ ತರಿಸಿದಳು. ಈಗ ಅದು ಊಟದ ಮೇಜಿನ ಮೇಲಿದೆ. ನಾನು ಅಡುಗೆಮನೆಯಲ್ಲಿ ನಿಂತು ಊಟ ಮಾಡುತ್ತಿದ್ದೇನೆ.

ನೀನು ಬಾರದಿದ್ದರೆ ಹಳೇ ಧ್ವನಿಮುದ್ರಣ ಹಾಕಿಸುತ್ತೇನೆ. ಆ ಕೊನೆಯ ಋತುವಿನದು ಒಂದು ನನ್ನ ಹತ್ತಿರ ಇದೆ, ಹೊರಗೆ ನನ್ನ ಹೆಸರು ಅಚ್ಚಾಗಿದೆ. ಪೆಟ್ಟಿಗೆಯ ಕೆಳಗೆ ಸ್ಪೀಕರ್ ಇಟ್ಟರಾಯಿತು. ಯೋಚನೆ ಮಾಡು.

ಅಮ್ಮ

ಆಗಸ್ಟ್ 30

ಅಮ್ಮಾ,

ಧ್ವನಿಮುದ್ರಣ ಹಾಕಿಸುತ್ತೀಯಂತೆ. ಅಂದರೆ ನಾನು ಬಾರದಿದ್ದರೂ ನನ್ನ ಧ್ವನಿ ಬರಲೇಬೇಕು, ನಿನ್ನ ಹೆಸರು ಹೊತ್ತುಕೊಂಡು. ನಿನ್ನ ಧೈರ್ಯಕ್ಕೆ ಏನನ್ನಬೇಕೋ ತಿಳಿಯುವುದಿಲ್ಲ. ಒಂದು ತಿಂಗಳಿಂದ ಹಲ್ಲು ಕಡಿಯುತ್ತಿದ್ದೇನೆ, ದವಡೆ ನೋಯುತ್ತಿದೆ.

ಇಲ್ಲಿ ನನ್ನ ಕೆಲಸ ಏನು ಗೊತ್ತಾ ನಿನಗೆ? ಒಂದು ದಿನವೂ ಕೇಳಿದವಳಲ್ಲ. ಮೂರನೇ ಪ್ಲಾಟ್‌ಫಾರ್ಮಿನ ಮೇಲೆ, ಮೆಟ್ಟಿಲು ಹತ್ತಿ ಹೋದರೆ ಗಾಜಿನ ಸಣ್ಣ ಕೋಣೆ. ಒಂದು ಕುರ್ಚಿ, ಒಂದು ಮೈಕು, ವೇಳಾಪಟ್ಟಿ, ಮುರಿದ ಫ್ಯಾನು. ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಯಂತ್ರವೇ ಮಾತಾಡುತ್ತದೆ. ತಡವಾದರೆ ಮಾತ್ರ ನಾನು. ನಾನು ತಡಮಾಡದ ಗಾಡಿಗಳಿಗೆಲ್ಲ ಹತ್ತೊಂಬತ್ತು ವರ್ಷದಿಂದ ನಾನೇ ಕ್ಷಮೆ ಕೇಳುತ್ತಿದ್ದೇನೆ. ಕೆಳಗೆ ನಿಂತ ಜನ ಸ್ಪೀಕರಿನ ಕಡೆ ನೋಡಿ ಬೈಯುತ್ತಾರೆ. ನನ್ನ ಮುಖ ಯಾರಿಗೂ ಗೊತ್ತಿಲ್ಲ. ನಿನ್ನ ಪ್ಲೈವುಡ್ ಗೋಡೆಯ ಹಿಂದಿನಿಂದ ಬಂದು ನಾನು ಸೇರಿದ್ದು ಇಲ್ಲಿಗೆ.

ಬರುತ್ತೇನೆ. ಒಂದು ಷರತ್ತು. ಹಾಡು ಮುಗಿದ ತಕ್ಷಣ ನಾನು ಪರದೆ ಸರಿಸಿ, ಮುಖವಾಡವಿಲ್ಲದೆ ಹೊರಗೆ ಬರುತ್ತೇನೆ. ನೀನು ಪೆಟ್ಟಿಗೆಯಿಂದ ಎದ್ದು ಕೂತು, ಆ ಇಪ್ಪತ್ತೆರಡು ಜನರ ಮುಂದೆ ಒಂದೇ ಮಾತು ಹೇಳಬೇಕು. "ಹಾಡಿದ್ದು ನನ್ನ ಮಗಳು. ಅವತ್ತೂ ಅವಳೇ." ಇಷ್ಟೇ. ಆಗದಿದ್ದರೆ ಈಗಲೇ ಹೇಳು.

ನಿನ್ನ ಮಗಳು

ಸೆಪ್ಟೆಂಬರ್ 11

ಮಗಳೇ,

ನೀನು ಬರುತ್ತೀಯ ಅಂತ ಓದಿ ದರ್ಜಿಯಕ್ಕ ನಿನ್ನ ಹಳೇ ಅಳತೆಯ ಚೀಟಿ ಹುಡುಕಿ ತೆಗೆದಳು. ಈಗ ಎಷ್ಟು ದಪ್ಪಗಾಗಿದ್ದೀಯೋ, ಸೊಂಟದ ಅಳತೆ ಬರೆದು ಕಳಿಸು. ಕಪ್ಪು ಮಖಮಲ್ಲಿನ ಗೌನು, ಹೊಗೆಬಣ್ಣದ ಮುಖವಾಡ ನಿನಗೆ.

ತಯಾರಿಯ ತಲೆನೋವು ಕೇಳಬೇಡ. ಆಹ್ವಾನವನ್ನು ಕಪ್ಪು ಕಾಗದದ ಮೇಲೆ ಬೆಳ್ಳಿ ಅಕ್ಷರದಲ್ಲಿ ಅಚ್ಚುಹಾಕಿಸಿದೆ. ಎಷ್ಟು ಚೆನ್ನಾಗಿ ಕಂಡಿತು ಅಂದರೆ ಒಬ್ಬರಿಗೂ ಓದಲು ಆಗಲಿಲ್ಲ. ಎಲ್ಲರೂ ಫೋನ್ ಮಾಡಿ "ಯಾರು ಹೋದ್ರು?" ಅಂತ ಕೇಳುತ್ತಿದ್ದಾರೆ. ಖಳನ ಪಾತ್ರಗಳನ್ನೆಲ್ಲ ಹಾಡುತ್ತಿದ್ದ ದೊಡ್ಡ ಗಂಟಲು, ಅವನಿಗೆ ಈಗ ಎರಡೂ ಕಿವಿಗೆ ಯಂತ್ರ. ಮುಖವಾಡದ ಎಲಾಸ್ಟಿಕ್ ಯಂತ್ರಕ್ಕೆ ಸಿಕ್ಕಿ ಕಿವಿಯಲ್ಲಿ ಶಿಳ್ಳೆ ಹೊಡೆಯುತ್ತದಂತೆ. ಅವನದಕ್ಕೆ ಹಿಡಿಕೆಯ ಕೋಲು ಕಟ್ಟಿಸಿದ್ದೇನೆ, ಕೈಯಲ್ಲಿ ಹಿಡಿದುಕೊಂಡಿರಲಿ. ಹೊಗೆ ಬಿಡುವ ಯಂತ್ರ ಬಾಡಿಗೆಗೆ ತರಿಸಿ ಒಂದು ಸಲ ಹಾಕಿ ನೋಡಿದೆ. ಕಟ್ಟಡದ ಬೆಂಕಿಗಂಟೆ ಹೊಡೆದುಕೊಂಡು, ಆರು ಮಹಡಿಯ ಜನ ರಾತ್ರಿಯುಡುಪಿನಲ್ಲೇ ಬೀದಿಗಿಳಿದರು, ಬೆಳಗಿನ ಹತ್ತು ಗಂಟೆಗೆ. ಹೊಗೆ ರದ್ದು. ಮೇಣದ ಬತ್ತಿಯೂ ರದ್ದು, ಬ್ಯಾಟರಿಯವು ತರಿಸಿದ್ದೇನೆ. ರಕ್ತದ ಬಣ್ಣದ ಪಾನಕ ಬಟ್ಟಲಿನಲ್ಲಿ ಇಡಬೇಕು, ಆದರೆ ಹದಿನಾಲ್ಕು ಜನಕ್ಕೆ ಸಕ್ಕರೆ ಕಾಯಿಲೆ. ಬೀಟ್‌ರೂಟ್ ರಸ ಅಂತ ತೀರ್ಮಾನವಾಯಿತು. ಅದನ್ನು ಕುಡಿದ ಮುಖಗಳಿಗೆ ಮುಖವಾಡ ಇರುವುದೇ ಒಳ್ಳೆಯದು.

ಪೆಟ್ಟಿಗೆಯಲ್ಲಿ ದಿನಾ ಅರ್ಧ ಗಂಟೆ ಮಲಗಿ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ನಿದ್ದೆ ಬಂದುಬಿಟ್ಟಿತು.

ನಿನ್ನ ಷರತ್ತು ನೋಡಿದೆ. ಆ ದಿನ ಹೇಗೆ ಬರುತ್ತದೋ ಹಾಗೆ ನೋಡೋಣ.

ಅಮ್ಮ

ಸೆಪ್ಟೆಂಬರ್ 16

ಅಮ್ಮಾ,

"ನೋಡೋಣ" ಅನ್ನುವ ಮಾತನ್ನು ಆ ರಂಗಮಂದಿರದವರ ಬಾಯಲ್ಲಿ ಎರಡು ವರ್ಷ ಕೇಳಿದ್ದೇನೆ. ನಿನ್ನ ಬೀಟ್‌ರೂಟ್ ರಸದ ಕಥೆ ಹೇಳಿ ನನ್ನನ್ನು ನಗಿಸಬೇಡ. ನಕ್ಕೆ, ಅದಕ್ಕೂ ಸಿಟ್ಟು ಬಂತು.

ಹೌದು ಅಥವಾ ಇಲ್ಲ.

ಮಗಳು

ಸೆಪ್ಟೆಂಬರ್ 22

ಹೌದು.

ಸೊಂಟದ ಅಳತೆ ಇನ್ನೂ ಬಂದಿಲ್ಲ.

ಅಮ್ಮ

ಅಕ್ಟೋಬರ್ 15

ಅಮ್ಮಾ,

ಕೂಟ ಮುಗಿದ ಮೇಲೆ ನಿನ್ನ ಹತ್ತಿರ ಒಂದು ಮಾತೂ ಆಡದೆ ಗಾಡಿ ಹತ್ತಿ ಬಂದೆ. ನೀನು ಬಾಗಿಲವರೆಗೂ ಬರಲಿಲ್ಲ. ಅಲ್ಲಿ ಏನಾಯಿತು ಅಂತ ನಿನಗೆ ಗೊತ್ತಿರುವುದು ಅರ್ಧ ಮಾತ್ರ. ನೀನು ಕಣ್ಣು ಮುಚ್ಚಿ ಮಲಗಿದ್ದೆ. ಉಳಿದರ್ಧ ಬರೆಯುತ್ತೇನೆ.

ದರ್ಜಿಯಕ್ಕನ ಕೈಚಳಕ ದೊಡ್ಡದು. ಪರದೆಯ ಸಂದಿಯಿಂದ ನೋಡಿದಾಗ ನನಗೇ ಮೈ ಜುಮ್ಮೆಂದಿತು. ನಮ್ಮ ಸೋಫಾ ಇದ್ದ ಜಾಗದಲ್ಲಿ ಕಮಾನುಗಳು, ದೀಪಕ್ಕೆ ಕಪ್ಪು ಬಲೆ, ಆ ಮುದುಕ ಮುದುಕಿಯರು ರಾಜ, ಮಾಟಗಾತಿ, ಮಂತ್ರಿಯಾಗಿ ಕೈ ಕೈ ಹಿಡಿದು ನಿಧಾನಕ್ಕೆ ಸುತ್ತುತ್ತಿದ್ದರು. ಹೊರಗೆ ಬಿಸಿಲಿದೆ ಅಂತ ಮರೆತೇಹೋಯಿತು. ಸಂಗೀತ ನಿಂತಿತು. ನಾನು ಶುರುಮಾಡಿದೆ.

ಮೊದಲನೆಯ ಸಾಲಿಗೆ ಎಲ್ಲರೂ ನಿನ್ನ ಪೆಟ್ಟಿಗೆಯ ಸುತ್ತ ನಿಂತಿದ್ದರು. ಎರಡನೆಯದಕ್ಕೆ ಕೋಲಿನ ಮೇಷ್ಟ್ರು ತಿರುಗಿದರು, ನನ್ನ ಪರದೆಯ ಕಡೆಗೆ. ಅವರ ಪಕ್ಕದ ಮಾಟಗಾತಿ ತಿರುಗಿದಳು. ಆಮೇಲೆ ದೊಡ್ಡ ಗಂಟಲು, ಕೋಲಿನ ಮುಖವಾಡವನ್ನು ಇಳಿಸಿಕೊಂಡು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಇಪ್ಪತ್ತೆರಡು ಬೆನ್ನುಗಳೂ ನಿನ್ನ ಕಡೆಗಿದ್ದವು. ನಾನು ಪರದೆ ಸರಿಸಿದಾಗ ಒಬ್ಬರೂ ಬೆಚ್ಚಿಬೀಳಲಿಲ್ಲ. ಎಲ್ಲರೂ ಮುಖವಾಡ ತೆಗೆದು ತಲೆಬಾಗಿಸಿ, ಚಪ್ಪಾಳೆ ತಟ್ಟಿದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಅಮ್ಮಾ. ಹತ್ತು ಅಡಿ ದೂರದಲ್ಲಿ ನಿಂತು ಹಾಡುತ್ತಿದ್ದವರಿಗೆ ಗೊತ್ತಾಗದೆ ಇರುತ್ತದಾ? ಗೊತ್ತಾಗುವುದಿಲ್ಲ ಅಂತ ನಂಬಿದ್ದವರು ನಾವಿಬ್ಬರೇ.

ಚಪ್ಪಾಳೆ ನಿನ್ನ ಕಡೆ ಬರುತ್ತಿಲ್ಲ ಅಂತ ಗೊತ್ತಾಗಿ ಆಗ ನೀನು ಎದ್ದು ಕೂತೆ. ಅವರ ಬೆನ್ನುಗಳನ್ನು ನೋಡಿದೆ. ಹೇಳಬೇಕಾಗಿದ್ದ ಮಾತು ಹೇಳಲಿಲ್ಲ. "ಚಹಾ ಆರ್ತಿದೆ" ಅಂದೆ. ಹೇಳಬೇಕು ಅಂತಿದ್ದೆಯೋ ಇಲ್ಲವೋ, ಅವರೇ ಮುಂಚೆ ನಿನ್ನ ಬಾಯಿಂದ ಕಿತ್ತುಕೊಂಡರು.

ಕೋಲಿನ ಮೇಷ್ಟ್ರನ್ನು ಮೆಟ್ಟಿಲ ತಿರುವಿನಲ್ಲಿ ತಡೆದೆ.

"ನಾನು ಆಯ್ಕೆಗೆ ಬಂದಾಗ ನನ್ನ ಧ್ವನಿ ಗುರುತು ಸಿಕ್ಕಿರಲಿಲ್ವಾ?" ಅಂತ ಕೇಳಿದೆ.

"ಸಿಕ್ಕಿತ್ತು. ತಗ್ಗಿಸಿ ಹಾಡಿದ್ರೂ ಸಿಗ್ತದೆ" ಅಂದರು.

"ಮತ್ತೆ ಯಾಕೆ ತಗೊಳ್ಳಲಿಲ್ಲ?"

ಮುಖವಾಡವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿಮ್ಮಮ್ಮನಿಗೆ ನೋವಾಗುತ್ತೆ ಅಂತ. ಯಾರೂ ಹೇಳಲಿಲ್ಲ, ನಾವೇ ತೀರ್ಮಾನ ಮಾಡಿದ್ವಿ. ದೊಡ್ಡ ಕಲಾವಿದೆ, ನಿವೃತ್ತಿಯಾದ ಮಾರನೇ ವರ್ಷವೇ ಗುಟ್ಟು ಬೀದಿಗೆ ಬಂದ್ರೆ ಚೆನ್ನಾಗಿರಲ್ಲ, ಅಲ್ವಾ?"

ಅಲ್ವಾ ಅಂತೆ! ನನ್ನ ಇಡೀ ಬದುಕನ್ನು ತಮ್ಮ ಸಂಕೋಚಕ್ಕೆ ಸುರಿದುಬಿಟ್ಟು, ಅಲ್ವಾ ಅಂತ ಕೇಳುತ್ತಾರೆ! ಅವರಿಗೆ ಏನು ಹೇಳಿದೆ ಅಂತ ಬರೆಯುವುದಿಲ್ಲ. ಮೇಲಿನ ಮನೆಯ ಹೆಂಗಸು ಬಾಗಿಲು ತೆಗೆದು ನೋಡಿ ಮುಚ್ಚಿಕೊಂಡಳು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡ ಆ ಸಭ್ಯರ ಮೇಲೆ ನನಗಿರುವ ಸಿಟ್ಟು ಇನ್ನು ಎಷ್ಟು ವರ್ಷಕ್ಕೆ ಆರುತ್ತದೋ ನಾನರಿಯೆ.

ಆದರೆ ಗಾಡಿಯಲ್ಲಿ ಬರುತ್ತಾ ಇನ್ನೊಂದು ಯೋಚನೆ ಬಂತು. ಇಪ್ಪತ್ತು ವರ್ಷ ನಾನು ಬೈದದ್ದು ನಿನ್ನನ್ನು. ಫೋನ್ ಎತ್ತದೆ ಇದ್ದದ್ದು ನಿನ್ನದು. ಅಪ್ಪ ಹೋದಾಗಲೂ ಎರಡೇ ದಿನ ಇದ್ದು ಬಂದೆ. ನೀನೇ ನನ್ನನ್ನು ಬಾಗಿಲಾಚೆ ಇಟ್ಟೆ ಅಂದುಕೊಂಡಿದ್ದೆ. ನೀನು ಹೇಳಿದ್ದು ನಿಜವಾಗಿತ್ತು, ಆ ಕೋಣೆಯ ಹತ್ತಿರವೂ ನೀನು ಸುಳಿದಿರಲಿಲ್ಲ. ಬೇರೆಯವರು ಮಾಡಿದ ತಡಕ್ಕೆಲ್ಲ ಕ್ಷಮೆ ಕೇಳಿದವಳು ನಾನು, ಇದೊಂದು ನನ್ನದೇ. ತಪ್ಪಾಯಿತು, ಅಮ್ಮಾ. ಗೋಡೆಯ ಹಿಂದೆ ನಿಲ್ಲಿಸಿದ್ದನ್ನು ಮರೆಯಲಾರೆ, ಆದರೆ ಅದನ್ನು ಕ್ಷಮಿಸಿದ್ದೇನೆ. ನೀನೂ ನನ್ನನ್ನು ಕ್ಷಮಿಸಿಬಿಡು. ಇನ್ನು ಮೇಲೆ ಫೋನ್ ಎತ್ತುತ್ತೇನೆ.

ನಿನ್ನ ಗುಬ್ಬಿ

ನವೆಂಬರ್ 9

ಮಗಳೇ,

ನಿನ್ನ ಕಾಗದ ಮೂರು ವಾರ ಮೇಜಿನ ಮೇಲಿತ್ತು. ದರ್ಜಿಯಕ್ಕ ದಿನಾ ಧೂಳು ಒರೆಸುವಾಗ ಅದನ್ನೆತ್ತಿ ಮತ್ತೆ ಅಲ್ಲೇ ಇಟ್ಟು, ನನ್ನ ಮುಖ ನೋಡಿ ಹೋಗುತ್ತಿದ್ದಳು. ನೀನು ಎರಡು ಸಲ ಫೋನ್ ಮಾಡಿದೆ. ಈ ಸಲ ಎತ್ತದವಳು ನಾನು.

ನನಗೆ ಸಿಟ್ಟು ಬಂದಿದೆ. ಆ ಇಪ್ಪತ್ತೆರಡು ಜನರ ಮೇಲೆ, ನಿನ್ನ ಮೇಲೆ, ಹೆಚ್ಚಾಗಿ ನನ್ನ ಮೇಲೆ. ಎರಡು ವರ್ಷ ಕನಿಕರಕ್ಕೆ ನನ್ನ ಸುತ್ತ ನಿಂತು ಹಾಡಿದರು. ಕೋಣೆಗೆ ಬಂದು "ಇವತ್ತು ಏನು ಹಾಡಿದ್ರಿ!" ಅನ್ನುತ್ತಿದ್ದರು. ನಾನು ಅದನ್ನು ನಂಬಿ, ಕನ್ನಡಿಯ ಮುಂದೆ ಕತ್ತು ಎತ್ತರಿಸಿಕೊಂಡು ಕೂರುತ್ತಿದ್ದೆ. ಯಾರನ್ನು ಪೆದ್ದರು ಮಾಡಿದೆ ಅಂದುಕೊಂಡಿದ್ದೆನೋ ಅವರೇ ನನ್ನನ್ನು ಮಗುವಿನ ಹಾಗೆ ಆಡಿಸಿದ್ದಾರೆ. ಆ ಕನಿಕರವೇ ನನಗೆ ನುಂಗಲಾಗುತ್ತಿಲ್ಲ. ಅದರ ಮೇಲೆ ಈಗ ನಿನ್ನ ಕ್ಷಮೆ ಬಂದಿದೆ.

ಕೋಲಿನ ಮೇಷ್ಟ್ರು ನಿನಗೆ ಸುಳ್ಳು ಹೇಳಿದ್ದಾನೆ. ನನ್ನನ್ನು ಕಾಪಾಡಲು ಇನ್ನೊಂದು ಸಲ.

ನಾನು ಹೋಗಿದ್ದೆ. ನಿನ್ನ ಆಯ್ಕೆಯ ಹಿಂದಿನ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಅವನ ಕೋಣೆಗೆ. ಅವನು ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಕುರ್ಚಿ ತೋರಿಸಿದ, ನಾನು ಕೂರಲಿಲ್ಲ. "ನಾಳೆ ನನ್ನ ಮಗಳು ಬರ್ತಾಳೆ. ತಗೋಬೇಡಿ" ಅಂದೆ. ಯಾಕೆ ಅಂತ ಅವನು ಕೇಳಲಿಲ್ಲ. ಕೇಳದೆ ಇದ್ದದ್ದು ಯಾಕೆ ಅಂತ ನನಗೆ ಕಳೆದ ತಿಂಗಳು ತಿಳಿಯಿತು. ನಾನೇ ಕಾರಣ ಕಟ್ಟಿ ಹೇಳಿದೆ. "ಅವಳ ಗಂಟಲು ಸೂಕ್ಷ್ಮ, ರಂಗದ ಮೇಲೆ ಭಯ ಬೀಳ್ತಾಳೆ, ನಿಮಗೇ ಕೆಟ್ಟ ಹೆಸರು" ಅಂದೆ. ಮುಂದಿನ ವರ್ಷ ಮತ್ತೆ ಹೋಗಿ ಅದನ್ನೇ ಹೇಳಿದೆ. ಮೂರನೆಯ ವರ್ಷ ನೀನು ಬರಲಿಲ್ಲ, ಸ್ಟೇಷನ್ನಿನ ಕೆಲಸಕ್ಕೆ ಸೇರಿಕೊಂಡಿದ್ದೆ. ನನಗೆ ನಿಶ್ಚಿಂತೆಯಾಯಿತು. ನಿಶ್ಚಿಂತೆಯಾಯಿತು ಅಂತಲೇ ಬರೆಯುತ್ತಿದ್ದೇನೆ, ಬೇರೆ ಮಾತು ಹುಡುಕುವುದಿಲ್ಲ.

ಗುಟ್ಟು ಬಯಲಾಗುವ ಭಯ ಅಂತ ನಿನಗೆ ಅನ್ನಿಸಬಹುದು. ಅಷ್ಟೇ ಆಗಿದ್ದರೆ ನನಗೂ ಹೇಳಿಕೊಳ್ಳಲು ಒಂದು ಮುಖ ಇರುತ್ತಿತ್ತು. ನೀನು ಬೆಳಕಿನಲ್ಲಿ ನಿಂತು ಹಾಡುವುದನ್ನು ನೋಡಲು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೆತ್ತವಳು ಹೀಗೆ ಬರೆಯಬಾರದು. ಬರೆದಿದ್ದೇನೆ.

ಷರತ್ತಿನ ಮಾತೂ ಹೇಳಿಬಿಡುತ್ತೇನೆ. "ಹೌದು" ಅಂತ ಬರೆದಾಗಲೇ ನನಗೆ ಗೊತ್ತಿತ್ತು, ಆ ಮಾತು ನನ್ನ ಬಾಯಿಂದ ಬರುವುದಿಲ್ಲ ಅಂತ. ನೀನು ಪರದೆ ಸರಿಸಿದಾಗ ಮೂರ್ಛೆ ಹೋದ ಹಾಗೆ ಮಲಗಿಯೇ ಇರಬೇಕು ಅಂದುಕೊಂಡಿದ್ದೆ.

ಆದ್ದರಿಂದ ನಿನ್ನ ಕ್ಷಮೆ ತಪ್ಪು ವಿಳಾಸಕ್ಕೆ ಬಂದಿದೆ. ಈ ಲಕೋಟೆಯಲ್ಲೇ ನಿನ್ನ ಕಾಗದವನ್ನು ವಾಪಸ್ ಇಟ್ಟಿದ್ದೇನೆ. ಸುಮ್ಮನೆ ಇಟ್ಟುಕೊಂಡುಬಿಡಬಹುದಿತ್ತು. ನೀನು ಫೋನ್ ಮಾಡುತ್ತಿದ್ದೆ, ನಾನು ಎತ್ತುತ್ತಿದ್ದೆ, ಚಹಾ ಆಯ್ತಾ ಅಂತ ಕೇಳುತ್ತಿದ್ದೆ. ಮೂರು ವಾರ ಹಾಗೆ ಮಾಡಲು ನೋಡಿದೆ. ಆಗಲಿಲ್ಲ.

ಇನ್ನೊಂದು ಮಾತು. ಆ ಎರಡು ವರ್ಷ ನೀನು ಹಾಡುವಾಗ ನನಗೆ ಬಾಯಿ ಆಡಿಸುವ, ಭುಜ ಎತ್ತುವ ಕೆಲಸವಿರುತ್ತಿತ್ತು. ಕೇಳಲು ಪುರುಸೊತ್ತೇ ಇರಲಿಲ್ಲ. ಆ ಪೆಟ್ಟಿಗೆಯಲ್ಲಿ ನನಗೇನೂ ಕೆಲಸವಿರಲಿಲ್ಲ. ಮೊದಲ ಸಲ ಕೇಳಿದೆ. ಎರಡನೆಯ ಸಾಲಿನಲ್ಲಿ ಶ್ರುತಿ ಕೂದಲೆಳೆಯಷ್ಟು ಮೇಲೆ ಹೋಗುತ್ತದೆ, ಈಗಲೂ. ಉಳಿದದ್ದನ್ನು ಬರೆಯಲು ನನ್ನ ಕೈಲಿ ಆಗುವುದಿಲ್ಲ.

ಅಮ್ಮ

ನವೆಂಬರ್ 13

ಅಮ್ಮಾ,

ನಿನ್ನ ಕಾಗದವನ್ನು ಡ್ಯೂಟಿಯಲ್ಲಿ ಓದಬಾರದಿತ್ತು. ಓದಿ ಮುಗಿಸಿ ಕಿರುಚಿದೆ. ಮೈಕ್ ಹಾಕಿದ್ದೇ ಇತ್ತು. "ಸುಳ್ಳಿ! ಹೊಟ್ಟೆಕಿಚ್ಚಿನ ಮುದುಕಿ!" ಅಂತ ಐದೂ ಪ್ಲಾಟ್‌ಫಾರ್ಮಿಗೆ ಕೇಳಿತು. ಜನ ತಲೆಯೆತ್ತಿ ಈ ಗಾಜಿನ ಕೋಣೆಯ ಕಡೆ ನೋಡಿದರು. ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ, ಒಳಗೆ ಸರಿಯಲಿಲ್ಲ. ಸ್ಟೇಷನ್ ಮಾಸ್ಟರ್ ಲಿಖಿತ ವಿವರಣೆ ಕೇಳಿದ್ದಾರೆ. ಏನು ಬರೆಯಲಿ, ನೀನೇ ಹೇಳು.

ಕ್ಷಮೆಯ ಕಾಗದವನ್ನು ಹರಿದು ಹಾಕಿದೆ. ನಿನ್ನ ಕಾಗದವನ್ನು ಹರಿಯಲಿಲ್ಲ. ಮೂರು ಸಲ ಓದಿದೆ, ಮೂರು ಸಲವೂ ಬೈದೆ. ಆ ಮೇಷ್ಟ್ರ ಮಾತನ್ನು ನಾನು ಸಾಯುವವರೆಗೂ ನಂಬಿಕೊಂಡಿರುತ್ತಿದ್ದೆ, ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಅದಕ್ಕೇ ನನಗೆ ಏನು ಮಾಡಬೇಕೋ ತೋಚುತ್ತಿಲ್ಲ.

ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ, ಮಾತು ಕೊಡುವುದಿಲ್ಲ. ಭಾನುವಾರ ಹನ್ನೊಂದರ ಗಾಡಿಗೆ ಬರುತ್ತಿದ್ದೇನೆ, ಜಗಳ ಆಡುವುದಕ್ಕೆ. ಇಪ್ಪತ್ತು ವರ್ಷದ ಜಗಳ ಕಾಗದದಲ್ಲಿ ಹಿಡಿಸುವುದಿಲ್ಲ. ದರ್ಜಿಯಕ್ಕನನ್ನು ಆ ದಿನ ಮನೆಗೆ ಕಳಿಸು, ಮೇಲಿನ ಮನೆಯವಳಿಗೂ ಮೊದಲೇ ಹೇಳಿಡು.

ಮತ್ತೆ ಎರಡನೆಯ ಸಾಲಿನಲ್ಲಿ ನನ್ನ ಶ್ರುತಿ ಮೇಲೆ ಹೋಗುವುದಿಲ್ಲ. ಹೋಗುವುದೇ ಇಲ್ಲ. ಜಗಳ ಮುಗಿದ ಮೇಲೆ ಹಾಡಿ ತೋರಿಸುತ್ತೇನೆ. ಎದುರಿಗೆ ಕುರ್ಚಿ ಹಾಕಿಕೊಂಡು, ಕಣ್ಣು ಬಿಟ್ಟುಕೊಂಡು ಕೂತು ಕೇಳು.

ನಿನ್ನ ಮಗಳು